ಕೆಳಗಿಳಿದ ಜೋಳ

ಜೋಳದ ಬೇರಿಗೂ ಒಂದು ನಾಲಿಗೆ ಇದ್ದಿದ್ದರೆ? ಮಣ್ಣಿನ ಯಾವ ಪದರದಲ್ಲಿ ಏನು ಸತ್ವವಿದೆಯೆಂದು ರುಚಿ ನೋಡುತ್ತ, ಆ ರುಚಿಯ ಬೆನ್ನುಹತ್ತಿ ಪಾತಾಳದವರೆಗೂ ಇಳಿಯುವಂತಿದ್ದರೆ?

ಈ ಪ್ರಶ್ನೆ ಡಾಕ್ಟರ್ ವಾರಿಜಾಗೆ ಹೊಳೆದದ್ದು ಪ್ರಯೋಗಾಲಯದಲ್ಲಿ ಅಲ್ಲ, ಅತ್ತೆಯ ಅಡುಗೆಮನೆಯಲ್ಲಿ.

ಇಪ್ಪತ್ತೊಂದನೆಯ ಶತಮಾನದ ಅರವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಕೃಷ್ಣಾ ನದಿಯಿಂದ ಒಂದೆರಡು ಹರಿದಾರಿ ಒಳಗೆ, ಎರೆಹೊಲಗಳ ನಡುವೆ ತೆಗ್ಗಿನಾಳ ಎಂಬ ಊರು. ಅಲ್ಲಿನ ಪಂಚಾಯಿತಿ ಅಧ್ಯಕ್ಷ ಲಾಲಸಾಬ ನದಾಫರ ಮೊಮ್ಮಗಳು, ಇನ್ನೂ ತೊಟ್ಟಿಲ ಕೂಸು, ಒಂದು ಬೆಳಗ್ಗೆ ತುಟಿ ಉಗುರೆಲ್ಲ ನೀಲಿಗಟ್ಟಿ ಉಸಿರಿಗೆ ಒದ್ದಾಡಿತು. ಆಸ್ಪತ್ರೆಯವರು ಹೇಗೋ ಉಳಿಸಿಕೊಟ್ಟರು. ಕಾರಣ ಹುಡುಕಿದರೆ ಸಿಕ್ಕಿದ್ದು ಕೂಸಿನ ಹಾಲಿಗೆ ಬೆರೆಸಿದ ಬಾವಿಯ ನೀರು. ಅದರ ತುಂಬ ನೈಟ್ರೇಟು. ಅದು ಎಳೆಕೂಸಿನ ಹೊಟ್ಟೆ ಸೇರಿದರೆ ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಅಂತರ್ಜಲ ಮಂಡಳಿಯವರು ಬಂದು ಊರಿನ ಬಾವಿ, ಬೋರ್‌ವೆಲ್‌ಗಳಿಗೆಲ್ಲ ಕೆಂಪು ಪಟ್ಟಿ ಬಳಿದು ಹೋದರು. ಅಂದಿನಿಂದ ಊರಿಗೆ ಟ್ಯಾಂಕರ್ ನೀರೇ ಗತಿಯಾಯಿತು.

ವಾರಿಜಾ ಕೋಲಾರದ ಕಡೆಯವಳು. ಧಾರವಾಡದಲ್ಲಿ ಕೃಷಿ ಓದುವಾಗ ತೆಗ್ಗಿನಾಳದ ಬಸವಂತನನ್ನು ಮೆಚ್ಚಿ ಮದುವೆಯಾಗಿ, ಊರ ಹೊರಗಿನ ಬೇರು ಸಂಶೋಧನಾ ಕೇಂದ್ರಕ್ಕೆ ವಿಜ್ಞಾನಿಯಾಗಿ ಬಂದು ನೆಲೆಸಿದವಳು. ಇಷ್ಟು ವರ್ಷವಾದರೂ ಅವಳ ಮಾತಿಗೆ ಈ ಕಡೆಯ ಗಾಳಿ ಹಿಡಿದಿರಲಿಲ್ಲ, ಕೈಗೆ ರೊಟ್ಟಿ ಬಡಿಯಲು ಬಂದಿರಲಿಲ್ಲ. ಅತ್ತೆ ಕಸ್ತೂರೆವ್ವ ಅದನ್ನು ಹಿಡಿದು ಆಗಾಗ ಕಾಡುತ್ತಿದ್ದಳು.

ಆ ದಿನ ಕಸ್ತೂರೆವ್ವ ಜೋಳದ ಹಿಟ್ಟು ನಾದುತ್ತ ಗೊಣಗಿದಳು. "ಈ ಟ್ಯಾಂಕರ್ ನೀರಿಗೆ ಹಿಟ್ಟು ಮಾತ ಕೇಳಂಗಿಲ್ಲ. ಅಲ್ಲ ಯವ್ವಾ, ಬಾವ್ಯಾಗ ಆ ನಂಜು ಎಲ್ಲಿಂದ ಬಂತು?"

"ಹೊಲದಿಂದ ಅತ್ತೆ. ಕಾಲುವೆ ಬಂದಾಗಿಂದ ಕಬ್ಬಿಗೆ, ಗೋವಿನಜೋಳಕ್ಕೆ ಚೀಲಗಟ್ಟಲೆ ಯೂರಿಯಾ ಹಾಕ್ತಾನೇ ಬಂದಿದ್ದೀವಲ್ಲ. ಬೆಳೆ ತಿಂದಿದ್ದು ಅರ್ಧ. ಮಿಕ್ಕಿದ್ದು ನೀರಿನ ಜೊತೆ ಇಳೀತಾ ಹೋಯ್ತು. ಈಗ ಎರಡಾಳು ಆಳದಲ್ಲಿ ದಪ್ಪ ಪದರ ಕೂತಿದೆ. ಮಳೆ ಬಂದಾಗೆಲ್ಲ ಅದರಿಂದ ಒಂದಿಷ್ಟು ಜಾರಿ ಬಾವಿಗೆ ಸೇರುತ್ತೆ."

ಕಸ್ತೂರೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹಂಗಾರ ಅದು ಗೊಬ್ಬರ. ನಾವ ಹಾಕಿದ್ದು. ಹಾಕಿದ್ದನ್ನ ವಾಪಸ್ ಬೆಳಿಗೆ ಉಣಸಾಕ ಬರಂಗಿಲ್ಲೇನು?"

ವಾರಿಜಾ ನಗಲು ಹೊರಟವಳು ನಗಲಿಲ್ಲ. ಅಂದು ಅವಳ ತಟ್ಟೆಯ ರೊಟ್ಟಿ ಆರಿ ಹಪ್ಪಳದಂತಾಯಿತು.

*

ಹಾಗೆ ಉಣಿಸಲು ಬರುತ್ತದೆ ಎಂದು ತೋರಿಸಲು ಏಳೆಂಟು ವರ್ಷ ಹಿಡಿಯಿತು.

ಹಿಂಗಾರಿ ಜೋಳ ಮೊದಲೇ ಆಳಕ್ಕೆ ಇಳಿಯುವ ಜಾತಿ. ಮಳೆಗಾಲದಲ್ಲಿ ಎರೆಮಣ್ಣು ಕುಡಿದಿಟ್ಟ ಹಸಿಯನ್ನು ಹುಡುಕುತ್ತ ಅದರ ಬೇರು ಆಳೆತ್ತರ ಕೆಳಗೆ ಹೋಗಬಲ್ಲದು. ಆದರೆ ಅದು ಹೋಗುವುದು ನೀರಿಗಾಗಿ. ನೈಟ್ರೇಟಿನಲ್ಲಿರುವ ಸಾರಜನಕವನ್ನು ಮಾತ್ರ ಮೇಲಿನ ಮೊಳ ಮಣ್ಣಿನಲ್ಲೇ ಉಂಡು ಮುಗಿಸುತ್ತದೆ. ಕೆಳಗಿನ ಮಣ್ಣು ಗಟ್ಟಿ, ಗಾಳಿಯಾಡದ್ದು. ಅಲ್ಲಿ ಬೇರಿಗೆ ಉಸಿರು ಕಟ್ಟುತ್ತದೆ, ತುದಿ ಮೊಂಡಾಗುತ್ತದೆ.

ವಾರಿಜಾ ಎರಡು ಕೆಲಸ ಮಾಡಿದಳು. ಹಳೆಯ ನಾಡತಳಿಗಳನ್ನೆಲ್ಲ ಜಾಲಾಡಿ, ಬೇರಿನ ಒಳಗೇ ಕೊಳವೆಯಂಥ ಗಾಳಿದಾರಿ ಇರುವ ಒಂದು ಜೋಳವನ್ನು ಆರಿಸಿದಳು. ಮೇಲಿನ ಗಾಳಿ ಆ ದಾರಿಯಲ್ಲಿ ತುದಿಯವರೆಗೂ ಇಳಿಯುತ್ತಿತ್ತು. ಆಮೇಲೆ ಆ ತುದಿಗೆ ನೈಟ್ರೇಟಿನ ರುಚಿ ಗುರುತಿಸುವ ಚುರುಕನ್ನು ತುಂಬಿದಳು. ರುಚಿ ತಾಕಿದ ಕೂಡಲೇ ಗಿಡ ಪಕ್ಕದ ಬೇರುಗಳ ಖರ್ಚು ಕಡಿಮೆ ಮಾಡಿ ಬಲವನ್ನೆಲ್ಲ ಕೆಳಗಿಳಿಯುವ ಬೇರಿಗೆ ಕೊಡಬೇಕು. ಸಾಲು ಸಾಲು ಗಿಡಗಳು ಸೋತವು. ಹದಿನೇಳನೇ ಸಾಲು ಮಾತ್ರ ಕುಂಡದ ತಳ ಮುಟ್ಟಿ ಇನ್ನೂ ಕೆಳಗೆ ದಾರಿ ಹುಡುಕುತ್ತಿತ್ತು.

ಕುಂಡದ ಆಟ ಬೇರೆ, ಹೊಲದ ಆಟ ಬೇರೆ. ಹೊಲದಲ್ಲಿ ನೋಡಲೆಂದು ಕೇಂದ್ರದಲ್ಲಿ ಒಂದು ಬೇರುಮನೆ ಇತ್ತು. ನೆಲದೊಳಗೆ ಎರಡಾಳು ಆಳಕ್ಕೆ ತೋಡಿ ಕಟ್ಟಿದ ಕೋಣೆ. ಗೋಡೆಯ ಬದಲು ದಪ್ಪ ಗಾಜು. ಗಾಜಿನ ಆಚೆ ಹೊಲದ ಕರಿಮಣ್ಣು. ಮೆಟ್ಟಿಲಿಳಿದು ಹೋಗಿ ನಿಂತರೆ ತಲೆಯ ಮೇಲೆ ಬೆಳೆ, ಕಣ್ಣೆದುರು ಬೇರು. ಗಾಜಿಗೆ ಅಂಟಿಸಿದ ಕ್ಯಾಮೆರಾಗಳು ಬೇರಿನ ಪ್ರತಿ ಚಲನೆಯನ್ನೂ ಪರದೆಗೆ ತರುತ್ತಿದ್ದವು. ಮಣ್ಣಿನ ಬೇರೆ ಬೇರೆ ಆಳಕ್ಕೆ ಚುಚ್ಚಿದ ಸಣ್ಣ ಸಂವೇದಕಗಳು ನೈಟ್ರೇಟು ಎಲ್ಲೆಲ್ಲಿ ಎಷ್ಟಿದೆಯೆಂದು ಹೇಳುತ್ತಿದ್ದವು.

ಹದಿನೇಳನೇ ಸಾಲು ಹೊಲಕ್ಕೆ ತಯಾರಾದ ಬೇಸಿಗೆಯಲ್ಲೇ ಮಂಡಳಿಯ ಆದೇಶ ಬಂತು. ತೆಗ್ಗಿನಾಳದ ನೀರು ಸುಧಾರಿಸಿಲ್ಲ. ಬರುವ ಯುಗಾದಿಯೊಳಗೆ ಊರು ತೆರವಾಗಬೇಕು. ಜನರಿಗೆ ದೂರದ ಪಟ್ಟಣದ ಬಹುಮಹಡಿ ಕಟ್ಟಡಗಳಲ್ಲಿ ಮನೆ.

ಊರು ಒಮ್ಮೆ ಎದ್ದು ಬಂದದ್ದೇ. ಹಳೇ ತೆಗ್ಗಿನಾಳ ನದಿಯ ದಂಡೆಯಲ್ಲಿತ್ತು. ಅಣೆಕಟ್ಟಿನ ಹಿನ್ನೀರು ಬಂದಾಗ ಮುಳುಗಡೆಯಾಯಿತು. ಆಗ ಲಂಗ ತೊಟ್ಟ ಹುಡುಗಿಯಾಗಿದ್ದ ಕಸ್ತೂರೆವ್ವ ಲಾರಿಯ ಮೇಲೆ, ಬಾಗಿಲು ಚೌಕಟ್ಟು ತೊಲೆಗಳ ನಡುವೆ ಕೂತು ಇಲ್ಲಿಗೆ ಬಂದವಳು. ಆದೇಶ ಓದಿ ಹೇಳಿದ ಮಗನನ್ನು ಅವಳು ಒಂದೇ ಮಾತು ಕೇಳಿದಳು.

"ಆಗ ನೀರು ಬರ್ತೈತಿ ಅಂತ ಎಬ್ಬಿಸಿದ್ರು. ಈಗ ನೀರು ಕೆಟ್ಟೈತಿ ಅಂತ ಎಬ್ಬಸ್ತಾರ. ನೀರು ಅವರದೋ, ನಮ್ದೋ?"

*

ಪಂಚಾಯಿತಿ ಕಟ್ಟೆಯ ಮುಂದೆ ಊರು ಸೇರಿತು. ವಾರಿಜಾ ಎದ್ದು ನಿಂತು ತನ್ನ ಜೋಳದ ವಿಷಯ ಹೇಳಿದಳು. ಲಾಲಸಾಬ ಗಡ್ಡ ನೀವುತ್ತ ಪೂರ್ತಿ ಕೇಳಿ ಕೊನೆಗೆ ಅಂದರು:

"ಅಕ್ಕಾರ, ಒಂದು ಹೊಲಕ್ಕ ಬಿತ್ತಿ ನೋಡೂಣು. ಬಂದ್ರ ಮುಂದಿನ ವರ್ಷ ಎಲ್ಲಾರೂ ಬಿತ್ತತೀವಿ."

"ಮುಂದಿನ ವರ್ಷಕ್ಕೆ ಊರಿರಲ್ಲ ಸಾಹೇಬರೇ. ಒಂದು ಹೊಲ ಸಾಲದು. ಎಲ್ಲ ಹೊಲಗಳ ನೀರೂ ಕೆಳಗೆ ಒಂದೇ. ಊರಿಗೆ ಊರೇ ಬಿತ್ತಬೇಕು. ಇನ್ನೊಂದು ಮಾತು. ಒಂದು ಹಿಡಿ ಗೊಬ್ಬರ ಕೂಡ ಮೇಲೆ ಹಾಕಬಾರದು. ಮೇಲೆ ಊಟ ಸಿಕ್ಕರೆ ಬೇರು ಸೋಮಾರಿ ಆಗುತ್ತೆ, ಕೆಳಗಿಳಿಯಲ್ಲ."

ಗುಂಪಿನಲ್ಲಿ ಗುಜುಗುಜು ಎದ್ದಿತು. ಕಾಲುವೆ ಬಂದಾಗಿನಿಂದ ಗೊಬ್ಬರವಿಲ್ಲದೆ ಬಿತ್ತಿದವರು ಅಲ್ಲಿ ಯಾರೂ ಇರಲಿಲ್ಲ. ಬಂದರೆ ಬೆಳೆ, ಬರದಿದ್ದರೆ ಒಂದು ವರ್ಷದ ರೊಟ್ಟಿ, ದನಕ್ಕೆ ಕಣಿಕೆ ಎಲ್ಲ ಹೋಗುತ್ತದೆ.

ಲಾಲಸಾಬ ಕೈಯೆತ್ತಿ ಗುಂಪನ್ನು ಸುಮ್ಮನಾಗಿಸಿದರು. "ನನ್ನ ಮೊಮ್ಮಗಳು ಈಗ ಸಾಲಿಗೆ ಹೋಗ್ತಾಳ. ಆಕಿ ನೀಲಿ ಆಗಿದ್ದು ನಾ ಮರ್ತಿಲ್ಲ. ಆ ನಂಜು ಯಾರೋ ಹೊರಗಿನವ್ರು ತಂದು ಸುರದಿದ್ದಲ್ಲ. ನಾನೂ ಸುರಿದೀನಿ, ನಮ್ಮಪ್ಪನೂ ಸುರದಾನ. ನಾವು ಎದ್ದು ಹೋದ್ರ ಅದನ್ನ ಯಾರು ತೊಳೀಬೇಕು? ನಂದು ಹದಿನಾಲ್ಕು ಎಕರೆ. ಅಷ್ಟಕ್ಕೂ ಬಿತ್ತತೀನಿ. ಉಳಿದವ್ರು ಅವರವರ ಮನಸಿಗೆ ಕೇಳ್ಕೋರಿ."

 ಆಮೇಲೆ ಹಿಂದಿನಿಂದ ಕಸ್ತೂರೆವ್ವ, "ನಮ್ದೂ ಬರ್ಕೋರಿ" ಅಂದಳು. ಅವಳ ಪಕ್ಕ ನಿಂತಿದ್ದ ಬಸವಂತನಿಗೆ ಹೌದೆನ್ನುವುದೊಂದೇ ಉಳಿಯಿತು. ಸಂಜೆಯೊಳಗೆ ಊರು ಒಪ್ಪಿತು.

ಹಸ್ತ ಮಳೆ ಮುಗಿದ ಮೇಲೆ ಕೂರಿಗೆಗಳು ಹೊಲಕ್ಕೆ ಇಳಿದವು. ಬಿತ್ತುವ ಮೊದಲು ವಾರಿಜಾ ಅಲ್ಲಲ್ಲಿ ಸಣ್ಣ ಕೊಳವೆ ಇಳಿಸಿ, ಆ ಆಳದ ಪದರಕ್ಕೆ ಭಾರದ ಸಾರಜನಕ ಸೇರಿಸಿದಳು. ಸಾರಜನಕದಲ್ಲೇ ಅದೊಂದು ಅಪರೂಪದ ಬಗೆ. ಗುಣದಲ್ಲಿ ಏನೂ ವ್ಯತ್ಯಾಸವಿಲ್ಲ, ತೂಕ ಮಾತ್ರ ಒಂದು ಗುಂಜಿ ಹೆಚ್ಚು.

"ಇದ್ಯಾಕ ಅಕ್ಕಾರ?" ಲಾಲಸಾಬ ಕೇಳಿದರು.

"ಕುರಿಗೆ ಬಣ್ಣ ಹಚ್ಚಿ ಮೇಯಿಸೋಕೆ ಬಿಡ್ತಾರಲ್ಲ, ಹಾಗೆ. ನಾಳೆ ಎಲೆಯಲ್ಲಿ ಈ ಭಾರದ್ದು ಸಿಕ್ಕರೆ, ಗಿಡ ಉಂಡಿದ್ದು ಕೆಳಗಿಂದ ಅಂತ ಯಾರೂ ಇಲ್ಲ ಅನ್ನೋಕಾಗಲ್ಲ."

*

ಬೆಳೆ ಹುಟ್ಟಿತು. ಹುಟ್ಟಿ ಮೊಣಕಾಲೆತ್ತರಕ್ಕೆ ಬರುವಷ್ಟರಲ್ಲಿ ಹಳದಿ ತಿರುಗಿತು.

ಪಕ್ಕದ ಊರಿನ ಹೊಲಗಳಲ್ಲಿ ಜೋಳ ಕಪ್ಪು ಹಸಿರಾಗಿ ನಿಂತಿತ್ತು. ಬದುವಿನ ಈಚೆ ತೆಗ್ಗಿನಾಳದ್ದು ಕಾಮಾಲೆ ಹಿಡಿದ ಮಗುವಿನಂತೆ ಬಡಕಲು. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಬಗ್ಗಿ ನೋಡಿ ನಗುತ್ತಿದ್ದರು. ಸಂತೆಗೆ ಹೋದ ತೆಗ್ಗಿನಾಳದವರನ್ನು ಕಂಡರೆ, "ಏನಪ್ಪಾ, ನಿಮ್ಮ ಜ್ವಾಳಕ್ಕ ಅರಿಶಿಣ ಹಚ್ಚೀರೇನು? ಮದವಿ ಯಾವಾಗ?" ಎಂಬ ಕುಚೋದ್ಯ. ಬಸವಂತ ಸಂತೆಗೆ ಹೋಗುವುದನ್ನೇ ಬಿಟ್ಟ.

ಒಂದು ಮಧ್ಯಾಹ್ನ ವಾರಿಜಾ ಹೊಲಕ್ಕೆ ಹೋದರೆ ಬದುವಿನ ಮೇಲೆ ಯೂರಿಯಾ ಚೀಲ. ಅದರ ಮೇಲೆ ಬಸವಂತ ಕೂತಿದ್ದ.

"ಒಂದೊಂದು ಮುಷ್ಟಿ ಒಗೀತೀನಿ," ಅಂದ. ಸಿಟ್ಟಿನಿಂದಲ್ಲ, ಸೋತ ದನಿಯಲ್ಲಿ. "ಸಾಯೋ ಬೆಳೀನ ನೋಡ್ಕೊಂತ ನಿಂದ್ರಾಕ ನನ್ನ ಕೈಲಿ ಆಗವಲ್ದು. ಊರಿನವ್ರು ನಿನ್ನ ಮುಖಕ್ಕ ಏನೂ ಅನ್ನಂಗಿಲ್ಲ. ನನ್ನ ಮುಂದ ಅಂತಾರ."

ವಾರಿಜಾ ಅವನ ಕೈ ಹಿಡಿದು ಕೇಂದ್ರಕ್ಕೆ ಕರೆದೊಯ್ದಳು. ಬೇರುಮನೆಯ ಮೆಟ್ಟಿಲಿಳಿದು ಗಾಜಿನ ಮುಂದೆ ನಿಲ್ಲಿಸಿದಳು. ಬಿಳಿಯ ಬೇರುಗಳು ಎದೆಮಟ್ಟಕ್ಕೆ ಇಳಿದು ಅಲ್ಲಿಗೇ ನಿಂತಿದ್ದವು. ಅದರ ಕೆಳಗೆ ಮಣ್ಣು ಕಲ್ಲಿನಂತೆ ಮಿರುಗುತ್ತಿತ್ತು.

"ಇಲ್ಲಿ ಗಟ್ಟಿ ಪದರ ಇದೆ. ಒಂದು ವಾರದಿಂದ ಇಲ್ಲೇ ನಿಂತಿವೆ. ಇದರ ಕೆಳಗೆ ಮೊಳ ದಾಟಿದರೆ ಗೊಬ್ಬರ ರಾಶಿ ಇದೆ."

"ದಾಟತಾವಾ?"

 "ಗೊತ್ತಿಲ್ಲ ಬಸವಂತ. ಕುಂಡದಲ್ಲಿ ದಾಟಿದ್ದವು. ಇಲ್ಲಿ ದಾಟ್ತಾವೆ ಅನ್ನೋ ನಂಬಿಕೆ ಇದೆ. ಗೊತ್ತಿದೆ ಅಂದರೆ ಸುಳ್ಳಾಗುತ್ತೆ."

ಬಸವಂತ ಗಾಜಿಗೆ ಹಣೆ ಹಚ್ಚಿ ಬೇರಿನ ತುದಿಗಳನ್ನು ನೋಡಿದ. ಆಮೇಲೆ ನಿಟ್ಟುಸಿರು ಬಿಟ್ಟು ನಕ್ಕ. "ದಾಟತಾವ ಅಂತ ನೀ ಆಣಿ ಮಾಡಿ ಹೇಳಿದ್ದಿ ಅಂದ್ರ ಈಗ ಹೋಗಿ ಗೊಬ್ಬರ ಒಗೀತಿದ್ದೆ ನೋಡು. ಗೊತ್ತಿಲ್ಲ ಅಂದಿ. ಇರ್ಲಿ, ಕಾಯೂಣು."

ಚೀಲ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

ಆಮೇಲಿನ ದಿನಗಳಲ್ಲಿ ವಾರಿಜಾ ಊಟಕ್ಕೂ ಮೇಲೆ ಬರುವುದು ಕಡಿಮೆಯಾಯಿತು. ಪರದೆಯ ಮೇಲೆ ಬೇರಿನ ತುದಿಗಳನ್ನೇ ನೋಡುತ್ತ ಕೂರುತ್ತಿದ್ದಳು. ಮೇಲ್ಮಣ್ಣು ಒಣಗಿ ಹೊಲ ಬಿರಿಯತೊಡಗಿತ್ತು. ಎರೆಮಣ್ಣಿನ ಸ್ವಭಾವವೇ ಅದು, ಹಸಿಯಿದ್ದಾಗ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿಬಿಡುತ್ತದೆ. ಒಂದು ಬೆಳಗ್ಗೆ ಗಟ್ಟಿ ಪದರದಲ್ಲಿ ಕೂದಲೆಳೆಯಂಥ ಸೀಳೊಂದು ಕಂಡಿತು. ಒಂದು ಬೇರು ಅದರೊಳಗೆ ತೂರಿತು. ತನ್ನ ಉಸಿರನ್ನು ತಾನೇ ಹೊತ್ತು ತಂದಿದ್ದ ಬೇರು. ಗಾಳಿಯಿಲ್ಲದ ಆ ಕತ್ತಲಿನಲ್ಲೂ ಅದು ಬಾಡಲಿಲ್ಲ. ಬೆನ್ನ ಹಿಂದೆ ಇನ್ನೊಂದು, ಮತ್ತೊಂದು. ವಾರದೊಳಗೆ ಗಾಜಿನ ಕೆಳಭಾಗವೆಲ್ಲ ಬಿಳಿ ಎಳೆಗಳು. ಎರಡಾಳು ಆಳದ ಸಂವೇದಕದ ಅಂಕಿ, ಕೇಂದ್ರ ಕಟ್ಟಿದಾಗಿನಿಂದ ಏರುತ್ತಲೇ ಇದ್ದದ್ದು, ಮೊದಲ ಬಾರಿಗೆ ಇಳಿಯಿತು. ವಾರಿಜಾ ಕುರ್ಚಿಯಿಂದೆದ್ದು, ಕೇಳುವವರು ಯಾರೂ ಇಲ್ಲದ ಆ ಕೋಣೆಯಲ್ಲಿ ಜೋರಾಗಿ ಕೂಗಿದಳು.

*

ಎಳ್ಳಮಾವಾಸ್ಯೆಯ ದಿನ ಊರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಬಂತು. ಸಜ್ಜೆ ಕಡಬು, ಎಳ್ಳು ಹೋಳಿಗೆ, ಬದನೆಕಾಯಿ ಪಲ್ಯ, ಪುಂಡಿಪಲ್ಯ. ಪ್ರತಿ ವರ್ಷದಂತೆ ಬುತ್ತಿಯ ಅಡುಗೆಯನ್ನು ಹೊಲದ ತುಂಬ ಎರಚಿ ನೆಲತಾಯಿಗೆ ಚರಗ ಚೆಲ್ಲಬೇಕು. ಮುಂದೆ ಹೊರಟ ಹೆಂಗಸರು ಬದುವಿನ ಬಳಿ ನಿಂತೇ ಬಿಟ್ಟರು.

ಹೊಲ ಹಸಿರಾಗಿತ್ತು. ಪಕ್ಕದೂರಿನ ಬೆಳೆ ಹಸಿ ಆರಿ ಕೆಳಗಿನ ಎಲೆ ಒಣಗಿಸಿಕೊಳ್ಳುವ ಹೊತ್ತಿಗೆ ತೆಗ್ಗಿನಾಳದ ಜೋಳ ಬುಡದಿಂದ ಸುಳಿಯವರೆಗೆ ಗಿಳಿಯ ರೆಕ್ಕೆಯಂತೆ ನಿಂತಿತ್ತು. ತೆನೆಗಳು ಹೊಡೆ ಬಿಚ್ಚಿ ಹೊರಬರುತ್ತಿದ್ದವು. ಲಾಲಸಾಬ ಒಂದು ಎಲೆಯನ್ನು ಕೆನ್ನೆಗೆ ಒತ್ತಿಕೊಂಡರು. ಕಸ್ತೂರೆವ್ವ ಚರಗ ಚೆಲ್ಲುತ್ತ, "ಉಣ್ಣವ್ವಾ, ನೀನೂ ಉಣ್ಣು" ಎಂದಳು. ಅದು ನೆಲಕ್ಕೋ ಬೆಳೆಗೋ ಯಾರಿಗೂ ತಿಳಿಯಲಿಲ್ಲ.

ಎಲೆಗಳ ಪರೀಕ್ಷೆಯಲ್ಲಿ ಭಾರದ ಸಾರಜನಕ ಸಿಕ್ಕಿತು. ಒಂದೆರಡು ಗಿಡದಲ್ಲಿ ಅಲ್ಲ, ಕೊಳವೆ ಇಳಿಸಿದ ಕಡೆಯೆಲ್ಲ. ವಾರಿಜಾ ಮಂಡಳಿಗೆ ಬರೆದಳು. ಆಯುಕ್ತರು ತಾವೇ ಬಂದು ಬೇರುಮನೆ ನೋಡುವುದಾಗಿ ಉತ್ತರ ಬಂತು.

ಅವರು ಬರುವ ವಾರವೇ ಅನಾಹುತವಾಯಿತು. ಬೆಳೆ ಆಳದ ಹಸಿಯನ್ನೆಲ್ಲ ಹೀರುತ್ತಿದ್ದಂತೆ ಕೆಳಮಣ್ಣು ಹಿಂದೆಂದೂ ಕುಗ್ಗದಷ್ಟು ಕುಗ್ಗಿತು. ಬೇರುಮನೆಯ ಒಂದು ಬದಿ ಜಗ್ಗಿತು. ನಡುಹಗಲಿನಲ್ಲಿ ಸಿಡಿಲಿನಂಥ ಸದ್ದು. ವಾರಿಜಾ ಓಡಿಬಂದು ನೋಡಿದರೆ ಗಾಜು ಚೂರುಚೂರಾಗಿ, ಅರ್ಧ ಕೋಣೆ ಮಣ್ಣಿನಲ್ಲಿ ಹೂತಿತ್ತು. ಪರದೆಗಳು ಆರಿದ್ದವು. ಒಳಗೆ ಯಾರೂ ಇರದಿದ್ದದ್ದು ಪುಣ್ಯ.

ಅವಳು ಮನೆಗೆ ಬಂದು ಪಡಸಾಲೆಯ ಕಂಬಕ್ಕೆ ಒರಗಿ ಕೂತಳು. "ಅಂಕಿಅಂಶ ಇವೆ, ಎಲೆಯ ಪರೀಕ್ಷೆ ಇದೆ. ಆದರೆ ಅವರು ಕಣ್ಣಾರೆ ನೋಡಬೇಕು ಅಂದಿದ್ದರು. ಊರು ಎಬ್ಬಿಸೋ ಆದೇಶ ನಿಲ್ಲಿಸೋಕೆ ಬರೀ ಅಂಕಿ ಸಾಕಾಗಲ್ಲ ಅತ್ತೆ."

ಕಸ್ತೂರೆವ್ವ ತಂಬಿಗೆಯಲ್ಲಿ ನೀರು ತಂದುಕೊಟ್ಟಳು. "ಗಾಜು ಒಡೀತು. ಬೇರು ಒಡದಾವೇನು?"

ಬಸವಂತ ತಲೆಯೆತ್ತಿದ. ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಆಮೇಲೆ ಎದ್ದು ಗುದ್ದಲಿ ಹೆಗಲಿಗೇರಿಸಿದ.

*

ತೋಡಲು ಆರಿಸಿದ್ದು ಕಸ್ತೂರೆವ್ವನ ಹೊಲವನ್ನೇ, ಅದರಲ್ಲೂ ಎಲ್ಲಕ್ಕಿಂತ ಚೆನ್ನಾಗಿ ಬಂದಿದ್ದ ಪಟ್ಟಿಯನ್ನು. ತೆನೆಯಲ್ಲಿ ಹಾಲು ತುಂಬಿ ಕಾಳು ಕಟ್ಟುತ್ತಿದ್ದ ಬೆಳೆ. ಅದರ ಒಂದು ಬದಿಯನ್ನು ಕಡಿದು ಹಾಕದೆ ಕಂದಕ ತೋಡುವಂತಿರಲಿಲ್ಲ. ಮೊದಲ ದಂಟನ್ನು ಕಸ್ತೂರೆವ್ವ ತಾನೇ ಕೊಯ್ದಳು. ಆಮೇಲೆ ಊರು ನುಗ್ಗಿತು.

ಯಂತ್ರ ತರಬಹುದಿತ್ತು. ಬೇರು ಹರಿದೀತೆಂದು ಲಾಲಸಾಬ ಬೇಡವೆಂದರು. ಗುದ್ದಲಿ, ಸಲಿಕೆ, ಬುಟ್ಟಿ. ಗಂಡಸರು ಅಗೆದರೆ ಹೆಂಗಸರು ಮಣ್ಣು ಹೊತ್ತರು. ಮಣ್ಣು ಕುಸಿಯದಂತೆ ಬಸವಂತ ಒಂದು ಬದಿಗೆ ಹಲಗೆ ನಿಲ್ಲಿಸಿ ಮರದ ತುಂಡುಗಳನ್ನು ಅಡ್ಡ ಬಡಿದ. ಆಳ ಹೆಚ್ಚಿದಂತೆ ಮೇಲಿನವರು ಹಗ್ಗ ಕಟ್ಟಿ ಬುಟ್ಟಿ ಎಳೆದರು. ಬೆಳೆಯಿರುವ ಬದಿಯನ್ನು ಮಾತ್ರ ಯಾರೂ ಗುದ್ದಲಿಯಿಂದ ಮುಟ್ಟಲಿಲ್ಲ. ಅಲ್ಲಿ ವಾರಿಜಾ ಮತ್ತು ಕೆಲವು ಹೆಂಗಸರು ಔಷಧಿ ಹೊಡೆಯುವ ಪಂಪಿನಲ್ಲಿ ಬರೀ ನೀರು ತುಂಬಿ, ಮಣ್ಣನ್ನು ಮೆಲ್ಲಗೆ ತೊಳೆಯುತ್ತ ಇಳಿದರು. ತೊಳೆದಂತೆಲ್ಲ ಬೇರು ಹೊರಬಂತು.

ಕೆಲಸ ಮುಗಿದಾಗ ಕೆಳಗಿದ್ದವರು ಹಿಂದೆ ಸರಿದು ನೋಡಿದರು. ಕರಿಗೋಡೆಯ ಮೇಲೆ, ನೆಲದ ಅಂಚಿನಿಂದ ಅವರ ಪಾದದವರೆಗೆ, ಬಿಳಿ ನೂಲಿನ ಹಾಸು ನೇತುಬಿಟ್ಟಂತೆ ಬೇರು. ಮೇಲೆ ಆಳೆತ್ತರದ ಜೋಳ, ಕೆಳಗೆ ಅದಕ್ಕಿಂತ ಉದ್ದದ ಬೇರು. ಬೆವರು, ಕೆಸರಿನಲ್ಲಿ ಮುಳುಗಿದ್ದ ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಎಲ್ಲರ ಬೆನ್ನೂ ನೆಟ್ಟಗಾಗಿತ್ತು.

*

ಆಯುಕ್ತ ಲಾರೆನ್ಸ್ ಕ್ರಾಸ್ತಾ ಮಂಗಳೂರಿನವರು. ತೆಳ್ಳಗಿನ ಆಳು, ಪುಸ್ತಕದಂಥ ಕನ್ನಡ. ಏಣಿ ತೋರಿಸಿದಾಗ ಬೂಟು ಬಿಚ್ಚಿಟ್ಟು, ಪ್ಯಾಂಟು ಮಡಚಿ ಇಳಿದರು. ಅವರ ಜೊತೆಯವರು ಮೇಲೆಯೇ ನಿಂತರು.

ಕೆಳಗೆ ಅವರು ಬೇರಿನ ಹಾಸನ್ನು ಮೇಲಿನಿಂದ ತಳದವರೆಗೆ ನೋಡಿದರು. ಗೋಡೆಯುದ್ದಕ್ಕೂ ನಡೆದು, ಬಗ್ಗಿ, ತಳದಲ್ಲಿದ್ದ ಒಂದು ಬೇರಿನ ತುದಿಯನ್ನು ತಾವೇ ಕತ್ತರಿಸಿ ತಮ್ಮ ತಂಡದ ಯಂತ್ರಕ್ಕೆ ಕಳಿಸಿದರು. ಫಲಿತಾಂಶವನ್ನು ತಂಡದವರು ಮೇಲಿನಿಂದ ಕೂಗಿ ಹೇಳಿದರು. ಅಲ್ಲೂ ಭಾರದ ಸಾರಜನಕ ಇತ್ತು.

"ಬೇರು ಇಳಿದಿದೆ, ಸಾರಜನಕ ಎತ್ತಿದೆ. ಇದನ್ನು ನಾನು ಒಪ್ಪುತ್ತೇನೆ, ಡಾಕ್ಟರೇ," ಅಂದರು ಕ್ರಾಸ್ತಾ. "ಆದರೆ ನನ್ನ ನಿಯಮ ನೋಡುವುದು ಬಾವಿಯನ್ನು. ಬಾವಿಯ ನೀರು ಯಾವಾಗ ಕುಡಿಯುವಂತಾಗುತ್ತದೆ? ಯುಗಾದಿಗೆ ಆಗುತ್ತದೆಂದು ನೀವು ಹೇಳಿದರೆ ನಾನು ಇವತ್ತೇ ಬರೆಯುತ್ತೇನೆ."

ಕಂದಕದ ಅಂಚಿನಲ್ಲಿ ಊರೆಲ್ಲ ಬಗ್ಗಿ ನಿಂತಿತ್ತು. ಹೌದು ಅಂದುಬಿಡು ಎಂದು ಆ ಕಣ್ಣುಗಳೆಲ್ಲ ಹೇಳುತ್ತಿದ್ದಂತೆ ವಾರಿಜಾಗೆ ಅನ್ನಿಸಿತು. 

"ಆಗಲ್ಲ ಸರ್. ಇವತ್ತಿನವರೆಗೆ ಜಾರಿರೋದು ನೀರಿನಲ್ಲೇ ಇದೆ. ಅದು ತೊಳೆದುಹೋಗೋಕೆ ಹತ್ತು ವರ್ಷ ಬೇಕು, ಹದಿನೈದಾದರೂ ಆಗಬಹುದು. ನಾನು ಹೇಳಬಲ್ಲೆ ಅಂದರೆ ಇಷ್ಟೇ. ಈ ಹೊಲಗಳಿಂದ ಹೊಸದಾಗಿ ಕೆಳಗೆ ಜಾರೋದು ನಿಲ್ಲುತ್ತೆ. ಮೇಲಿಂದ ಬರೋದನ್ನ ಈ ಬೇರು ಹಿಡಿಯುತ್ತೆ. ಪ್ರತಿ ಹಿಂಗಾರಿಗೂ ರಾಶಿ ಕರಗುತ್ತಾ ಹೋಗುತ್ತೆ."

ಮೇಲೆ ಯಾರೋ ಉಸ್ಸೆಂದರು. ಕ್ರಾಸ್ತಾ ಕೇಳಿದರು. "ಹಾಗಾದರೆ ಹದಿನೈದು ವರ್ಷ ಈ ಜನ ಏನು ಕುಡಿಯುತ್ತಾರೆ?"

ಉತ್ತರ ಮೇಲಿನಿಂದ ಬಂತು. ಕಸ್ತೂರೆವ್ವ ಕಂದಕದ ಅಂಚಿಗೆ ಬಂದು, ಕೋಲೂರಿ ನಿಂತು ಹೇಳಿದಳು:

"ಈಗೇನು ಕುಡ್ಯಾಕತ್ತೀವಿ ಅದನ್ನ ಕುಡಿತೀವ್ರಿ ಸಾಹೇಬ್ರ. ಟ್ಯಾಂಕರ್ ನೀರು, ಮಳೀ ನೀರು. ಕೂಸುಗೋಳಿಗೆ ಕೊಡಂಗಿಲ್ಲ, ಬಾವೀನ ಮುಟ್ಟಂಗಿಲ್ಲ. ಕೆಡಸಿದವ್ರು ನಾವು. ಅದು ತೊಳದು ಹೋಗೂತನ ಇಲ್ಲೇ ಕುಂತು ಕಾಯೋರೂ ನಾವ. ನಾವು ಎದ್ದು ಹೋದ್ರ ಈ ಜ್ವಾಳ ಯಾರು ಬಿತ್ತತಾರ? ನಿಮ್ಮ ಮಂಡಳಿ ಬಂದು ಬಿತ್ತತೈತೇನು?"

ನಗೆಯೆದ್ದಿತು. ಕ್ರಾಸ್ತಾ ಕೂಡ ನಕ್ಕರು. ಏಣಿ ಹತ್ತಿ ಮೇಲೆ ಬಂದವರ ಕೈಗೆ ಲಾಲಸಾಬ ಎಲೆಯಲ್ಲಿ ಬಿಸಿ ಸೀತನಿ ಇಟ್ಟರು. ಎಳೆ ತೆನೆಯನ್ನು ಕೆಂಡದಲ್ಲಿ ಸುಟ್ಟು ಉದುರಿಸಿದ ಹಾಲುಗಾಳು. ಆಯುಕ್ತರ ಕೈ ಬಾಯಿಯ ಹತ್ತಿರ ಹೋಗಿ ನಿಂತಿತು.

"ಇದರಲ್ಲಿ ಆ ನೈಟ್ರೇಟು..."

"ನೈಟ್ರೇಟಾಗಿ ಉಳಿದಿಲ್ಲ ಸರ್," ಅಂದಳು ವಾರಿಜಾ. "ಗಿಡ ಅದನ್ನ ಪ್ರೋಟೀನು ಮಾಡಿದೆ. ಪರೀಕ್ಷೆ ಮಾಡಿಯೇ ನಾವೂ ತಿಂತಿರೋದು."

ಲಾಲಸಾಬ ತಮ್ಮ ಎಲೆಯಿಂದ ಒಂದು ಹಿಡಿ ತುಂಬಿ ಪಕ್ಕದಲ್ಲಿದ್ದ ಮೊಮ್ಮಗಳಿಗೆ ಕೊಟ್ಟರು. ಅವಳು ಎರಡೂ ಕೆನ್ನೆ ಉಬ್ಬಿಸಿಕೊಂಡು ತಿಂದಳು. ಕ್ರಾಸ್ತಾ ಅವಳನ್ನು ನೋಡುತ್ತ ತಾವೂ ಬಾಯಿಗೆ ಹಾಕಿಕೊಂಡರು. ಎರಡನೆಯ ಸಲ ಅವರೇ ಕೈ ಚಾಚಿದರು.

*

ಆದೇಶ ಬದಲಾಗಲು ಯುಗಾದಿಯವರೆಗೂ ಹಿಡಿಯಿತು. ಊರು ಉಳಿಯಿತು, ಆದರೆ ಷರತ್ತಿನ ಮೇಲೆ. ಹೊಲಕ್ಕೆ ಗೊಬ್ಬರ ಬೀಳಬಾರದು, ಆಳದ ನೈಟ್ರೇಟು ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಇರಬೇಕು. ಏರಿದ ವರ್ಷ ಮತ್ತೆ ವಿಚಾರಣೆ. ವಾರಿಜಾ ಅದನ್ನು ಓದಿ ಹೇಳಿದಾಗ ಲಾಲಸಾಬ, "ಸರಿ ಐತಿ. ದಾನ ಕೊಟ್ಟಿಲ್ಲ, ಕೆಲಸ ಕೊಟ್ಟಾರ" ಅಂದರು.

ಕೊಯ್ಲು ಮುಗಿದು ಕಾಳು ಮನೆ ಸೇರಿತ್ತು. ಗೊಬ್ಬರ ಸುರಿದು ಬೆಳೆಯುತ್ತಿದ್ದ ವರ್ಷಗಳಿಗಿಂತ ಒಂದಿಷ್ಟು ಕಡಿಮೆ, ಆದರೆ ಕಾಳು ದಪ್ಪ, ಮುತ್ತಿನಂಥದ್ದು. ಕೆಂಪು ಪಟ್ಟಿಯ ಬೇರೆ ಬೇರೆ ಊರುಗಳಿಂದ ಬೀಜಕ್ಕೆ ಜನ ಬರತೊಡಗಿದ್ದರು. ಬೀಜ ಹೊರಗೆ ಕೊಡಬೇಕಾದರೆ ತಳಿ ನೋಂದಣಿಯಾಗಬೇಕು. ನೋಂದಣಿಗೆ ಹೆಸರು ಬೇಕು. ಹೆಸರಿಡುವ ಹಕ್ಕು ತಳಿ ಕಟ್ಟಿದವರದು.

ಕ್ರಾಸ್ತಾ ಪರದೆಯಲ್ಲಿ ಬಂದು ಕೇಳಿದರು. "ನಿಮ್ಮ ಹೆಸರನ್ನೇ ಇಡಬಹುದಲ್ಲ, ಡಾಕ್ಟರೇ? ವಾರಿಜಾ ಒಂದು. ಚೆನ್ನಾಗಿ ಕೇಳಿಸುತ್ತದೆ."

 ಬಸವಂತ ಹೆಂಡತಿಯನ್ನು ಹೆಮ್ಮೆಯಿಂದ ನೋಡಿ ಹೂಂ ಎಂಬಂತೆ ತಲೆಯಾಡಿಸಿದ.

"ಇಲ್ಲ ಸರ್," ಅಂದಳು ವಾರಿಜಾ. "ತೆಗ್ಗಿನಾಳ ಅಂತ ಬರ್ಕೊಳ್ಳಿ."

"ಊರಿನ ಹೆಸರೇ?"

"ಹೌದು. ಎಲ್ಲರೂ ಒಟ್ಟಿಗೆ ಬಿತ್ತಿದರು, ಎಲ್ಲರೂ ಒಟ್ಟಿಗೆ ಕಾದರು. ನನ್ನೊಬ್ಬಳ ಹೆಸರು ಹಾಕಿದರೆ ಲೆಕ್ಕ ತಪ್ಪುತ್ತೆ."

ಪರದೆ ಆರಿತು. ಕಸ್ತೂರೆವ್ವ ಒಲೆಯ ಮುಂದೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೂತಿದ್ದಳು. ಅವಳು ಹುಟ್ಟಿದ ತೆಗ್ಗಿನಾಳ ನೀರಿನ ಕೆಳಗಿತ್ತು. ಬದುಕಿದ ತೆಗ್ಗಿನಾಳವೂ ಹೋಗುವುದರಲ್ಲಿತ್ತು.

"ಚೀಲದ ಮ್ಯಾಲೆ ಬರೀತಾರೇನು?" ಕೇಳಿದಳು.

"ಪ್ರತಿ ಚೀಲದ ಮೇಲೂ, ಅತ್ತೆ."

"ಎಲ್ಲಿಯತನ ಹೋಗ್ತಾವು ಆ ಚೀಲ?"

"ನೀರು ಕೆಟ್ಟಿರೋ ಊರು ಎಲ್ಲೆಲ್ಲಿದೆಯೋ ಅಲ್ಲಿಯವರೆಗೆ."

ಕಸ್ತೂರೆವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು. ಸೊಸೆಯ ತಲೆಯ ಮೇಲೆ ಒಮ್ಮೆ ಕೈಯಿಟ್ಟಳು. ಆಮೇಲೆ ಕೋಲು ಹಿಡಿದು, ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟಿದಳು.

"ಎಲ್ಲಿಗೆ ಅತ್ತೆ, ಈ ಬಿಸಿಲಲ್ಲಿ?"

"ಓಣ್ಯಾಗ ಹೇಳಿ ಬರ್ತೀನಿ," ಅಂದಳು ಕಸ್ತೂರೆವ್ವ ತಿರುಗಿ ನೋಡದೆ. "ರೊಟ್ಟಿ ನೀ ಬಡಿ. ನಿನಗೂ ಬರ್ತಾವಲ್ಲ ಈಗ."